ಜುಲೈ ಮಳೆಯಲ್ಲೂ ನಡೆಯುವಂಥ ದಾರಿ ಹೇಳಿ: ಮನೆಗೆ ಬರೋ ಪ್ಲಾಸ್ಟಿಕ್ ಕಡಿಮೆ ಮಾಡೋದು ಹೇಗೆ?

ಮಳೆಮನೆ (ಮಡಿಕೇರಿ)
ಎಲ್ಲರಿಗೂ ನಮಸ್ಕಾರ. ಪ್ಲಾಸ್ಟಿಕ್ ಬಿಡಿ ಅಂತ ಹೇಳೋ ಪಟ್ಟಿಗಳು ಬೇಕಾದಷ್ಟಿವೆ. ಬಟ್ಟೆ ಚೀಲ ಹಿಡಿಯಿರಿ, ಕಾಗದದ ಪೊಟ್ಟಣದಲ್ಲಿ ತನ್ನಿ, ಬಿಸಿಲಲ್ಲಿ ಒಣಗಿಸಿ ಮತ್ತೆ ಬಳಸಿ. ಇದೆಲ್ಲ ಬಯಲುಸೀಮೆಯ ಬಿಸಿಲು ನೋಡಿ ಬರೆದದ್ದು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಚೀಲ ಒಂದು ಸಲ ನೆಂದರೆ ಮೂರು ದಿನ ಒಣಗಲ್ಲ. ಕಾಗದದ ಪೊಟ್ಟಣ ಬಸ್‌ಸ್ಟ್ಯಾಂಡ್‌ನಿಂದ ಮನೆ ಸೇರೋದರೊಳಗೆ ತಳ ಬಿಟ್ಟಿರುತ್ತೆ. ಉಪ್ಪು ನೀರಾಗುತ್ತೆ, ಹಪ್ಪಳ ಮೆತ್ತಗಾಗುತ್ತೆ, ಕಾಫಿಪುಡಿ ಗಡ್ಡೆ ಕಟ್ಟುತ್ತೆ. ಅದಕ್ಕೇ ಎಲ್ಲರೂ ಕವರಿಗೆ ಕೈ ಹಾಕ್ತಾರೆ. ಹಟದಿಂದಲ್ಲ, ಬೇರೆ ದಾರಿ ಕಾಣದೆ.

ನಾಲ್ಕು ಜನ ಇರೋ ಮನೆಗೆ ಒಂದು ವಾರದಲ್ಲಿ ಏನೇನು ಬರುತ್ತೆ ಅಂತ ಎಣಿಸಿದರೆ: ಹಾಲಿನ ಕವರು 14, ಮೊಸರಿನದ್ದು 4, ಮೀನು-ಮಾಂಸದ ಕಪ್ಪು ಕವರು 3, ದಿನಸಿ ಪ್ಯಾಕೆಟ್ 9, ತರಕಾರಿ ಕವರು 5 ಅಥವಾ 6, ಶಾಂಪೂ ಸ್ಯಾಶೆ 6. ಬಿಸ್ಕತ್ತು, ಚಿಪ್ಸ್ ಲೆಕ್ಕಕ್ಕೆ ಹಿಡಿದಿಲ್ಲ. ಇದರಲ್ಲಿ ಮಳೆಗಾಲದಲ್ಲೂ ಬಿಡಬಹುದಾದ್ದು ಯಾವುದು, ಹೇಗೆ? ಅಳತೆ ಸಮೇತ, ಎಲ್ಲಿ ಕೆಡುತ್ತೆ ಅನ್ನೋದೂ ಸೇರಿಸಿ ಹೇಳಿ.

ಗೋಣಿಚೀಲ (ಕುಶಾಲನಗರ)
ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಲಿ. ಅಂಗಡಿಯಲ್ಲಿ "ಇದು ಬಟ್ಟೆ ಚೀಲ, ಪ್ಲಾಸ್ಟಿಕ್ ಅಲ್ಲ" ಅಂತ ಕೊಡೋ ತೆಳು ಬಣ್ಣದ ಚೀಲ ಇದೆಯಲ್ಲ, ಮೈತುಂಬ ಸಣ್ಣ ಚುಕ್ಕಿ ಒತ್ತಿದ ಹಾಗೆ ಇರುತ್ತೆ, ಅದು ಬಟ್ಟೆ ಅಲ್ಲ. ನಾನ್‌ವೋವನ್ ಅಂತಾರೆ, ಪೂರ್ತಿ ಪಾಲಿಪ್ರೊಪಿಲೀನ್. ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿದು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತೆ. ಇದು ಮುದುಡಿ ಕರಗಿ ಗಟ್ಟಿ ಮಣಿಯಾಗುತ್ತೆ, ಮೇಣದ ವಾಸನೆ ಬರುತ್ತೆ. ನಾಲ್ಕು ಸಲ ಮಳೆ-ಬಿಸಿಲು ಕಂಡರೆ ಕೈಯಲ್ಲೇ ಪುಡಿಪುಡಿ. ಕವರಾದರೂ ಇಡಿಯಾಗಿ ಕೈಗೆ ಸಿಗುತ್ತೆ, ಈ ಪುಡಿಯನ್ನು ಮಣ್ಣಿಂದ ಆರಿಸೋರು ಯಾರು?

ಕಾಳುಮೆಣಸು (ಸಿದ್ದಾಪುರ)
ಸರಿ ಅಣ್ಣ, ಮಳೆಗೆ ಯಾವ ಚೀಲ ಹಿಡಿಯೋದು? ಅದನ್ನ ಹೇಳಿ.

ಗೋಣಿಚೀಲ (ಕುಶಾಲನಗರ)
ಮುರಿದ ಕೊಡೆ. ನಮ್ಮ ಜಿಲ್ಲೆಯಲ್ಲಿ ಕಡ್ಡಿ ಮುರಿದ ಕೊಡೆ ಇಲ್ಲದ ಮನೆ ಇಲ್ಲ. ಕಡ್ಡಿಯ ತುದಿಯಲ್ಲಿ ಬಟ್ಟೆಗೆ ಹಾಕಿರೋ ದಾರ ಬಿಚ್ಚಿ, ನೆತ್ತಿಯ ಟೋಪಿ ತಿರುಗಿಸಿ ತೆಗೆದರೆ ಬಟ್ಟೆ ಇಡಿಯಾಗಿ ಬರುತ್ತೆ. ಸಾಮಾನ್ಯವಾಗಿ ಎಂಟು ತ್ರಿಕೋನ ಇರುತ್ತೆ. ಹೊಲಿಗೆ ಬಿಚ್ಚಿ ಒಂದನ್ನು ನೆಟ್ಟಗೆ, ಪಕ್ಕದ್ದನ್ನು ತಲೆಕೆಳಗೆ ಇಟ್ಟು ನಾಲ್ಕು ನಾಲ್ಕು ಜೋಡಿಸಿ, ಎರಡು ತುದಿ ನೇರಕ್ಕೆ ಕತ್ತರಿಸಿದರೆ ಎರಡು ಆಯತ ಸಿಕ್ಕವು. ಅದೇ ಚೀಲದ ಎರಡು ಮೈ. ಅಂಚು ಮಡಚಿ ಎರಡು ಸಲ ಹೊಲಿಯಬೇಕು, ಒಂಟಿ ಹೊಲಿಗೆಗೆ ಆ ಬಟ್ಟೆ ಎಳೆ ಬಿಡುತ್ತೆ. ಸಣ್ಣ ಸೂಜಿ, 11ನೇ ನಂಬರು ಹಾಕಿ. ದಪ್ಪ ಸೂಜಿ ಚುಚ್ಚಿದ ತೂತಲ್ಲೇ ನೀರು ಇಳಿಯುತ್ತೆ. ಹಿಡಿಕೆಗೆ ಮಾತ್ರ ಹತ್ತಿಯ ನವಾರು ಪಟ್ಟಿ, ಅದು ಚೀಲದ ತಳ ಸುತ್ತಿ ಬರಬೇಕು. ಮೇಲೆ ಮಾತ್ರ ಹೊಲಿದರೆ ಐದು ಕೆಜಿ ಅಕ್ಕಿಗೆ ಕಿತ್ತು ಬರುತ್ತೆ.

ಕೊಡವಿದರೆ ನೀರು ಹಾರಿ ಹೋಗುತ್ತೆ, ಹತ್ತು ನಿಮಿಷದಲ್ಲಿ ಒಣ. ಮಡಚಿದರೆ ಜೇಬಿಗೆ.

ಹಾರಂಗಿ ದಂಡೆ
ಕೊಡೆ ಬಟ್ಟೆ ಅಂದರೆ ನೈಲಾನ್ ಇಲ್ಲವೇ ಪಾಲಿಯೆಸ್ಟರ್. ಅದೂ ಪ್ಲಾಸ್ಟಿಕ್ಕೇ ತಾನೇ? ನಾನ್‌ವೋವನ್ನನ್ನು ಬೈದು ಇದನ್ನು ಹೊಗಳಿದರೆ ಹೇಗೆ?

ಗೋಣಿಚೀಲ (ಕುಶಾಲನಗರ)
ಹೌದು, ಪ್ಲಾಸ್ಟಿಕ್ಕೇ. ಆದರೆ ಅದು ಆಗಲೇ ಮನೆಯಲ್ಲಿದೆ, ನಾಳೆ ಚರಂಡಿಗೆ ಹೋಗೋದು. ಹೊಸದಾಗಿ ಒಂದು ಗ್ರಾಮೂ ತರ್ತಾ ಇಲ್ಲ. ಒಂದೇ ಎಚ್ಚರಿಕೆ: ಹಳೆ ಕೊಡೆಯ ಒಳಮೈಯ ಲೇಪ ಪುಡಿಯಾಗಿ ಉದುರುತ್ತೆ. ಹಾಗಾಗಿ ತಿನ್ನೋ ವಸ್ತು ನೇರ ಹಾಕಬೇಡಿ, ಒಳಗೆ ಡಬ್ಬಿಯೋ ಹತ್ತಿಚೀಲವೋ ಇರಲಿ.

ಪಾಲಿಬೆಟ್ಟ ರಸ್ತೆ
ಅಂಗಡಿಯವರು 50 ಮೈಕ್ರಾನ್‌ಗಿಂತ ದಪ್ಪದ ಕವರು ಕೊಟ್ಟರೆ ತಪ್ಪಿಲ್ಲ ಅಂತ ಕೇಳಿದ ನೆನಪು. ಸರೀನಾ?

ಗುಜರಿ ಲೆಕ್ಕ (ವಿರಾಜಪೇಟೆ)
ಹಳೇ ಲೆಕ್ಕ. ಕೇಂದ್ರದ ನಿಯಮದಲ್ಲಿ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ಆಯ್ತು. ತಟ್ಟೆ, ಲೋಟ, ಚಮಚ, ಸ್ಟ್ರಾ, ಕಿವಿಕಡ್ಡಿ ಇವೆಲ್ಲ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ನಮ್ಮ ರಾಜ್ಯ ಇದಕ್ಕೂ ಮುಂಚೆ, 2016ರ ಮಾರ್ಚ್‌ನಲ್ಲೇ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸ್, ಊಟದ ಮೇಜಿಗೆ ಹಾಸೋ ಹಾಳೆ ಎಲ್ಲವನ್ನೂ ನಿಷೇಧಿಸಿತ್ತು, ಎಷ್ಟೇ ದಪ್ಪ ಇದ್ದರೂ. ಅಂಗಡಿಯಲ್ಲಿ ಗೇಜ್ ಲೆಕ್ಕ ಹೇಳಿದರೆ ಗಲಿಬಿಲಿ ಬೇಡ: 100 ಗೇಜ್ ಅಂದರೆ ಸುಮಾರು 25 ಮೈಕ್ರಾನ್. ಕೈಯಲ್ಲಿ ಉಜ್ಜಿದರೆ ಚರಚರ ಅನ್ನೋ ತೆಳು ಕವರು ಆ 120ರ ಹತ್ತಿರವೂ ಬರಲ್ಲ.

ಒಲೆಬದಿ (ಸೋಮವಾರಪೇಟೆ)
ಕಾನೂನು ಇರಲಿ, ಡಬ್ಬಿಗೆ ಬರೋಣ. ಮಳೆಮನೆ ಅಕ್ಕ, ನಿಮ್ಮ ದಿನಸಿ ಪ್ಯಾಕೆಟ್ ಒಂಬತ್ತೂ ಹೋಗಬೇಕಾದರೆ ಮನೆಯಲ್ಲಿ ಗಾಳಿಯಾಡದ ಡಬ್ಬಿ ಇರಬೇಕು, ಅಷ್ಟೇ. ಹೊಸದು ಬೇಕಿಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳ ಸಡಿಲ ಆಗಿದ್ದರೆ ಸೈಕಲ್ ಟ್ಯೂಬನ್ನು ಎರಡು ಬೆರಳು ಅಗಲಕ್ಕೆ ಅಡ್ಡ ಕತ್ತರಿಸಿ, ಸಾಬೂನಿನಲ್ಲಿ ತೊಳೆದು, ಮುಚ್ಚಳ ಮತ್ತು ಡಬ್ಬಿ ಸೇರುವ ಗೆರೆಯ ಮೇಲೆ ಹೊರಗಿನಿಂದ ಏರಿಸಿ. ಸಣ್ಣ ಡಬ್ಬಿಗೆ ಸೈಕಲ್ ಟ್ಯೂಬು, ದೊಡ್ಡದಕ್ಕೆ ಬೈಕಿನದು. ಹೊರಗೇ ಇರೋದರಿಂದ ರಬ್ಬರ್ ವಾಸನೆ ಒಳಗೆ ಬರಲ್ಲ. ಹಪ್ಪಳ, ಅವಲಕ್ಕಿ, ಅಕ್ಕಿತರಿ ಮೂರೂ ಆಗಸ್ಟ್‌ವರೆಗೆ ಗರಿಗರಿ ಇರ್ತವೆ.

ಉಪ್ಪು ಲೋಹದ ಡಬ್ಬಿಗೆ ಬೇಡ, ತುಕ್ಕು ಹಿಡಿಸುತ್ತೆ. ಭರಣಿ ಅಥವಾ ಗಾಜು. ಒಂದು ಹಿಡಿ ಅಕ್ಕಿಯನ್ನು ಕಂದು ಬಣ್ಣ ಬರೋವರೆಗೆ ಹುರಿದು, ಆರಿಸಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಒಳಗಿಡಿ. ತೇವ ಅದು ಎಳೆದುಕೊಳ್ಳುತ್ತೆ. ಹದಿನೈದು ದಿನಕ್ಕೊಮ್ಮೆ ಗಂಟು ಬಿಚ್ಚಿ ಅದೇ ಅಕ್ಕಿ ಮತ್ತೆ ಹುರಿಯಿರಿ. ಮರೆತರೆ ಆ ಗಂಟೇ ತೇವದ ಮೂಲ ಆಗುತ್ತೆ, ಉಪ್ಪು ಇನ್ನೂ ಬೇಗ ನೀರಾಗುತ್ತೆ.

ಕಾಚಂಪುಳಿಯನ್ನು (ಹಂದಿ ಸಾರಿಗೆ ಹಾಕೋ ನಮ್ಮ ಕಪ್ಪು ಹುಳಿರಸ) ನೀರಿನ ಹಳೇ ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಕೊಡೋದು ಈಚೆಗೆ ಹೆಚ್ಚಾಗಿದೆ. ಬೇಡ. ಹುಳಿ ಅಷ್ಟು ಗಟ್ಟಿ ಇರೋವಾಗ ಗಾಜೇ ಸರಿ. ಅಲ್ಯುಮಿನಿಯಂ ಅಂತೂ ಹತ್ತಿರಕ್ಕೂ ತರಬೇಡಿ.

ಕಾಳುಮೆಣಸು (ಸಿದ್ದಾಪುರ)
ಕಾಫಿಪುಡಿಗೆ ಈ ಟ್ಯೂಬಿನ ಉಪಾಯ ನಡೆಯಲ್ಲ, ಸೇರಿಸ್ತೀನಿ. ಕಾಫಿ ಸುತ್ತಲಿನ ವಾಸನೆ ಹೀರುತ್ತೆ, ರಬ್ಬರ್ ಹೊರಗಿದ್ದರೂ ಮುಚ್ಚಳ ತೆಗೆಯುವಾಗ ತಾಗುತ್ತೆ. ಪ್ಯಾಕೆಟ್ ಬಿಡಬೇಕಾದರೆ ಹುರಿದು ಪುಡಿ ಮಾಡಿ ಕೊಡೋ ಅಂಗಡಿಗೆ ತಿರುಗಿಸೋ ಮುಚ್ಚಳದ ಗಾಜಿನ ಬಾಟಲಿ ತಗೊಂಡು ಹೋಗಿ, 250 ಗ್ರಾಂ ಮೇಲೆ ತರಬೇಡಿ. ಚಿಕೋರಿ ಬೆರೆಸಿದ್ದರೆ ಇನ್ನೂ ಕಡಿಮೆ, ಚಿಕೋರಿ ಗಾಳಿಯ ತೇವ ಎಳೆದು ಗಡ್ಡೆ ಕಟ್ಟುತ್ತೆ. ಗಡ್ಡೆ ಕಟ್ಟಿದ್ದು ಫಿಲ್ಟರಿನಲ್ಲಿ ನೀರು ಬಿಡಲ್ಲ. ಒಣ ಚಮಚ ಬಾಟಲಿಯ ಪಕ್ಕದಲ್ಲೇ ಬೇರೆ ಇಡಿ.

ಬಾಳೆಲೆ
ಹಾಲಿನ ಕವರು ಯಾರೂ ಮುಟ್ಟಲೇ ಇಲ್ಲ. 14 ಅಂದರೆ ಅದೇ ದೊಡ್ಡ ಲೆಕ್ಕ.

ಗುಜರಿ ಲೆಕ್ಕ (ವಿರಾಜಪೇಟೆ)
ಊರಲ್ಲಿ ಹಾಲಿನ ಡೈರಿ ಇದ್ದರೆ ಮೊದಲು ಅಲ್ಲಿ ಕೇಳಿ. ಬೆಳಿಗ್ಗೆ ಹಾಲು ಅಳೆದುಕೊಳ್ಳೋ ಹೊತ್ತಿಗೆ ಪಾತ್ರೆ ಹಿಡಿದು ಹೋದರೆ ಸ್ಥಳೀಯರಿಗೆ ಕೊಡೋ ಪದ್ಧತಿ ಎಷ್ಟೋ ಸಂಘಗಳಲ್ಲಿದೆ. ಹಸಿ ಹಾಲು, ತಂದ ತಕ್ಷಣ ಕುದಿಸಬೇಕು.

ಪ್ಯಾಕೆಟ್ಟೇ ಗತಿ ಅನ್ನೋರು ಮೂಲೆಯ ತುದಿ ಪೂರ್ತಿ ಕತ್ತರಿಸಬೇಡಿ. ಉಗುರಿನಷ್ಟು ಆ ಚೂರು ಯಾವ ಗುಜರಿಗೂ ಸೇರಲ್ಲ, ಸಿಂಕಿನ ತೂತಲ್ಲಿ ಚರಂಡಿಗೆ, ಅಲ್ಲಿಂದ ಹೊಳೆಗೆ. ಮಡಿಕೇರಿಯ ಚರಂಡಿ ನೀರೂ ಕೊನೆಗೆ ಯಾವ ಹೊಳೆ ಸೇರುತ್ತೆ ಅಂತ ಎಲ್ಲರಿಗೂ ಗೊತ್ತು. ಮುಕ್ಕಾಲು ಸೀಳಿ, ತುದಿ ಕವರಿಗೇ ಅಂಟಿಕೊಂಡಿರಲಿ. ಹಾಲು ಸುರಿದ ಮೇಲೆ ಅರ್ಧ ಲೋಟ ನೀರು ಹಾಕಿ ಅಲುಗಾಡಿಸಿ ಅದನ್ನೂ ಹಾಲಿಗೇ ಸುರಿಯಿರಿ. ಆಮೇಲೆ ಕವರಿನ ಒಂದು ಬದಿ ಪೂರ್ತಿ ಸೀಳಿ ಹಾಳೆಯ ಹಾಗೆ ಬಿಡಿಸಿ ತಂತಿಗೆ ಹಾಕಿ. ಚೀಲದ ಆಕಾರದಲ್ಲೇ ನೇತುಹಾಕಿದರೆ ಮಳೆಗಾಲದಲ್ಲಿ ಒಳಗೆ ಒಣಗಲ್ಲ, ಹುಳಿವಾಸನೆ ಬಂದು ಗುಜರಿಯವರೂ ಮುಟ್ಟಲ್ಲ. ಒಣಗಿದ ಹಾಲಿನ ಕವರು ಒಳ್ಳೇ ಪಾಲಿಥೀನ್, ತೂಕಕ್ಕೆ ತಗೊಳ್ತಾರೆ.

ಬಾಳೆಲೆ
ಮೊಸರಿನ ನಾಲ್ಕು ಕವರು ಮನೆಯಲ್ಲೇ ಹೆಪ್ಪು ಹಾಕಿದರೆ ಹೋಯ್ತಲ್ಲ?

ಮಳೆಮನೆ (ಮಡಿಕೇರಿ)
ಚಳಿಗೆ ಹೆಪ್ಪಾಗೋದೇ ಇಲ್ಲ, ಅದೇ ಕಷ್ಟ. ಆದರೂ ಲೋಳೆ ಲೋಳೆ.

ಒಲೆಬದಿ (ಸೋಮವಾರಪೇಟೆ)
ಲೋಳೆಯಾದರೆ ಬಿಸಿ ಸಾಲದು ಅಂತಲೇ ಅರ್ಥ. ಮೊಸರು ಕಟ್ಟೋ ಬ್ಯಾಕ್ಟೀರಿಯಕ್ಕೆ 40 ಡಿಗ್ರಿ ಹತ್ತಿರ ಬೇಕು. 20ಕ್ಕೆ ಇಳಿದರೆ ಎಳೆ ಎಳೆ ಬರೋ ಬೇರೆ ಜಾತಿ ಮೇಲುಗೈ ಪಡೆಯುತ್ತೆ. ಹಾಲು ಕುದಿಸಿ, ಕಿರುಬೆರಳು ಅದ್ದಿ ಹತ್ತು ಎಣಿಸುವಷ್ಟು ಹೊತ್ತು ತಡೆಯೋ ಬಿಸಿಗೆ ಆರಲಿ. ಅರ್ಧ ಲೀಟರಿಗೆ ಬೇಸಿಗೆಯಲ್ಲಿ ಅರ್ಧ ಚಮಚ ಹೆಪ್ಪು ಸಾಕು, ಮಳೆಗಾಲಕ್ಕೆ ಒಂದೂವರೆ ಚಮಚ. ಪಾತ್ರೆಯನ್ನು ಮೊದಲೇ ಬಿಸಿನೀರಲ್ಲಿ ತೊಳೆದು ಬೆಚ್ಚಗೆ ಮಾಡಿಕೊಳ್ಳಿ. ಬಹಳ ಜನ ತಪ್ಪುವುದು ಇಲ್ಲೇ, ತಣ್ಣನೆಯ ಸ್ಟೀಲು ಹಾಲಿನ ಬಿಸಿಯನ್ನೆಲ್ಲ ತಿಂದುಬಿಡುತ್ತೆ. ಉಣ್ಣೆ ಬಟ್ಟೆ ಸುತ್ತಿ ಅಕ್ಕಿ ಡ್ರಮ್ಮಿನೊಳಗೆ ಅರ್ಧ ಹೂತಿಡಿ. ರಾತ್ರಿ ಒಂಬತ್ತಕ್ಕೆ ಇಟ್ಟರೆ ಬೆಳಿಗ್ಗೆ ಏಳಕ್ಕೆ ಗಟ್ಟಿ. ಹಳೇ ಲೋಳೆ ಮೊಸರನ್ನೇ ಹೆಪ್ಪಿಗೆ ಬಳಸಬೇಡಿ, ಅದು ಅದನ್ನೇ ಹಡೆಯುತ್ತೆ.

ತೋಟದ ದಾರಿ (ಗೋಣಿಕೊಪ್ಪ)
ಇಷ್ಟೆಲ್ಲ ಯಾಕೆ? ಹಾಲಿನ ಕವರು ಬಚ್ಚಲು ಒಲೆಗೆ ಹಾಕಿದರೆ ಹಸಿ ಸೌದೆ ಹತ್ತಿಕೊಳ್ಳುತ್ತೆ, ಕಸವೂ ಇಲ್ಲ. ಎಲ್ಲರ ಮನೆಯಲ್ಲೂ ನಡೆಯೋದು ಅದೇ.

ಹಾರಂಗಿ ದಂಡೆ
ಕಸ ಇಲ್ಲ ಅಂದಿರಿ, ಅದು ಎಲ್ಲಿಗೆ ಹೋಯ್ತು? ಅರ್ಧ ಹೊಗೆಯಾಗಿ ಮನೆಯವರ ಎದೆಗೆ, ಅರ್ಧ ಬೂದಿಗೆ. ಬಚ್ಚಲು ಒಲೆಯ ಬೆಂಕಿ ಪ್ಲಾಸ್ಟಿಕ್ ಪೂರ್ತಿ ಉರಿಯೋ ಅಷ್ಟು ಬಿಸಿ ಇರಲ್ಲ, ಹಸಿ ಸೌದೆಯಾದರೆ ಇನ್ನೂ ತಂಪು. ಹೊಗೆಯಾಡಿ ಹೊಗೆಯಾಡಿ ಸುಡುತ್ತೆ. ಒಲೆಗೆ ಬೀಳೋದು ಬರೀ ಹಾಲಿನ ಕವರಲ್ಲ, ಕೈಗೆ ಸಿಕ್ಕಿದ್ದೆಲ್ಲ. ಅದರಲ್ಲಿ ಪಿವಿಸಿ ಚೂರಿದ್ದರೆ, ಹಳೇ ಪೈಪು, ವಯರು, ಮೇಜಿನ ಹಾಸು, ಆ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತೆ, ಡಯಾಕ್ಸಿನ್ ಇರುತ್ತೆ. ಆ ಬೂದಿಯಿಂದಲೇ ಪಾತ್ರೆ ತಿಕ್ಕೋದು, ಅದನ್ನೇ ತರಕಾರಿ ಮಡಿಗೆ ಎರಚೋದು. ಇದೊಂದನ್ನು ದಯವಿಟ್ಟು ನಿಲ್ಲಿಸಿ.

ತೋಟದ ದಾರಿ (ಗೋಣಿಕೊಪ್ಪ)
ನಿಲ್ಲಿಸಬಹುದು. ಜುಲೈಯಲ್ಲಿ ಒಲೆ ಹತ್ತಿಸೋದು ಹೇಗೆ, ಅದನ್ನೂ ಹೇಳಬೇಕಲ್ಲ?

ಹಾರಂಗಿ ದಂಡೆ
ನ್ಯಾಯವಾದ ಪ್ರಶ್ನೆ. ಕೆಲಸ ಜುಲೈಯದ್ದಲ್ಲ, ಏಪ್ರಿಲ್‌ದು. ಕಸಿ ಮಾಡಿ, ಅಂದರೆ ಗಿಡ ಸವರಿ, ಬಿದ್ದ ಕಾಫಿ ರೆಂಬೆಯನ್ನು ಮೊಣಕೈ ಉದ್ದಕ್ಕೆ ಕಡಿದು, ತೆಂಗಿನ ಸೋಗೆಯ ಗರಿ ಒಂದು ಹಿಡಿ ಸೇರಿಸಿ ಬಾಳೆನಾರಿನಲ್ಲಿ ಕಟ್ಟಿ. ದಿನಕ್ಕೆ ಒಂದು ಕಟ್ಟು, ಜೂನ್‌ನಿಂದ ಸೆಪ್ಟೆಂಬರ್‌ಗೆ ಸುಮಾರು 120 ಕಟ್ಟು. ಒಲೆ ಮೇಲಿನ ಅಟ್ಟದಲ್ಲಿ ಪೇರಿಸಿ, ಕೆಳಗಿನ ಬಿಸಿಯೇ ಅದನ್ನು ಒಣಗಿಟ್ಟಿರುತ್ತೆ. ಸೌದೆ ಇಡಿ ದಿಮ್ಮಿಯಾಗಿ ಇಡಬೇಡಿ, ಸೀಳಿಯೇ ಕೊಟ್ಟಿಗೆಗೆ ಹಾಕಿ, ನೆಲಕ್ಕೂ ಸೌದೆಗೂ ನಡುವೆ ಎರಡು ಅಡ್ಡ ಮರ ಇರಲಿ.

ಕವರಿನ ಜಾಗಕ್ಕೆ ಬೇಕಾದದ್ದು ಕಿತ್ತಳೆ ಸಿಪ್ಪೆ. ಒಣಗಿಸಿದ ಸಿಪ್ಪೆಯಲ್ಲಿ ಎಣ್ಣೆ ಇರುತ್ತೆ, ಕಡ್ಡಿ ಗೀರಿದರೆ ಸರ್ ಅಂತ ಹತ್ತುತ್ತೆ. ನಾಲ್ಕು ಚೂರು ಕೆಳಗೆ, ಮೇಲೆ ಗರಿ, ಅದರ ಮೇಲೆ ಪುರಲೆ, ಕೊನೆಗೆ ಸೌದೆ. ಸಿಪ್ಪೆ ಬಗ್ಗಿಸಿದರೆ ಟಪ್ ಅಂತ ಮುರಿಯೋ ಹಾಗೆ ಒಣಗಿರಬೇಕು, ಬಾಗಿದರೆ ಇನ್ನೂ ತೇವ ಇದೆ.

ತೋಟದ ದಾರಿ (ಗೋಣಿಕೊಪ್ಪ)
ಒಪ್ಪಿದೆ. ಕಿತ್ತಳೆ ಸಿಪ್ಪೆ ಗೊತ್ತಿರಲಿಲ್ಲ.

ಕಣಿಲೆ (ನಾಪೋಕ್ಲು)
ಮೀನು-ಮಾಂಸದ ಕಪ್ಪು ಕವರಿಗೆ ಯಾರಾದರೂ ಹೇಳಿ. ಅಂಗಡಿಯವರು ಡಬ್ಬಿ ಕೊಟ್ಟರೆ ತೂಕದಲ್ಲಿ ಗೊಂದಲ ಅಂತಾರೆ.

ಕಾಳುಮೆಣಸು (ಸಿದ್ದಾಪುರ)
ಗೊಂದಲ ಏನೂ ಇಲ್ಲ. ಖಾಲಿ ಡಬ್ಬಿಯನ್ನು ತಕ್ಕಡಿ ಮೇಲೆ ಇಟ್ಟು ಟೇರ್ ಗುಂಡಿ ಒತ್ತಿದರೆ ಸೊನ್ನೆ ತೋರಿಸುತ್ತೆ, ಆಮೇಲೆ ಮಾಂಸ. ಮುಚ್ಚಳ ತೆಗೆದು ಕೈಯಲ್ಲಿ ಹಿಡಿದಿರಿ, ಇಲ್ಲದಿದ್ದರೆ ಅದೂ ಲೆಕ್ಕಕ್ಕೆ ಸೇರಿ ಕೊನೆಗೆ ಜಗಳ. ಒಂದು ಕೆಜಿ ಹಂದಿ ಮಾಂಸಕ್ಕೆ ಎರಡು ಲೀಟರ್ ಹಿಡಿಯೋ ಡಬ್ಬಿ ಬೇಕು. ಮತ್ತಿ ಮೀನಿಗಾದರೆ ಚಪ್ಪಟೆ, ಅಗಲದ್ದು, ಆಳದಲ್ಲಿ ಹಾಕಿದರೆ ಕೆಳಗಿನವು ಜಜ್ಜಿ ಹೋಗ್ತವೆ. ಕ್ಲಿಪ್ ಮುಚ್ಚಳ ಇರಲಿ, ಬಸ್ಸಿನಲ್ಲಿ ನೀರು ಸೋರಿದರೆ ಪಕ್ಕದವರ ಮುಖ ನೋಡೋ ಹಾಗಿರಲ್ಲ. ವಾಸನೆ ಹೋಗಲು ಬೂದಿ ಮತ್ತು ನಿಂಬೆ ಸಿಪ್ಪೆ.

ಕಣಿಲೆ (ನಾಪೋಕ್ಲು)
ಸರಿ. ಹಾಗೇ ಕಣಿಲೆ (ಎಳೆ ಬಿದಿರು, ನಮ್ಮಲ್ಲಿ ಬೈಂಬಳೆ) ವಿಷಯವೂ ನೆನಪಾಯ್ತು. ಹೆಚ್ಚಿದ ಬೈಂಬಳೆಯನ್ನು ನೀರು ಸಮೇತ ಕವರಿಗೆ ಕಟ್ಟಿ ಮಾರ್ತಾರಲ್ಲ, ಹೆಚ್ಚದ ಇಡೀ ಕಣಿಲೆ ತಗೊಂಡರೆ ಕವರೇ ಬೇಡ, ಹೊರಗಿನ ಸಿಪ್ಪೆಯೇ ಅದರ ಚೀಲ. ಹೆಚ್ಚಿ ಮಣ್ಣಿನ ಅಥವಾ ಸ್ಟೀಲ್ ಪಾತ್ರೆಯಲ್ಲಿ ಮುಳುಗುವಷ್ಟು ನೀರು ಹಾಕಿ ಎರಡು ಮೂರು ದಿನ, ದಿನಕ್ಕೊಮ್ಮೆ ನೀರು ಬದಲಿಸಿ. ಕಹಿ ಮತ್ತು ಅದರೊಳಗಿನ ವಿಷದ ಅಂಶ ಇಳಿಯೋದು ಹಾಗೇ, ಉಳಿದದ್ದು ಹೋಗಲು ಚೆನ್ನಾಗಿ ಬೇಯಿಸಬೇಕು. ಕವರಿನೊಳಗಿನ ನೀರನ್ನು ಯಾರು ಯಾವಾಗ ಬದಲಿಸಿದ್ದರು ಅಂತ ಗೊತ್ತಾಗೋದು ಹೇಗೆ?

ಪಾಲಿಬೆಟ್ಟ ರಸ್ತೆ
ಕಣಿಲೆ ಈ ವರ್ಷ ಎಲ್ಲಿ ಸಿಗ್ತಾ ಇದೆ? ಕೆಜಿ ಎಷ್ಟು?

ಬಾಳೆಲೆ
ಕಣಿಲೆ ಬೆಲೆಗೆ ಬೇರೆ ಎಳೆ ತೆಗೆಯಿರಿ, ಇಲ್ಲಿ ಬೇಡ 🙂

ಅಡುಗೆಮನೆ ಮಾತಿಗೆ ಬಂದರೆ, ರೊಟ್ಟಿ ತಟ್ಟೋಕೆ, ಹೋಳಿಗೆ ಒತ್ತೋಕೆ ಎಣ್ಣೆ ಸವರಿದ ಹಾಲಿನ ಕವರು ಬಳಸೋದೂ ನಿಲ್ಲಬೇಕು. ಕೈಯ ಹಿಂದೆಯೇ ಬಿಸಿ ಕಾವಲಿ ಇರುತ್ತೆ, ಕವರಿನ ಅಂಚು ತಾಗಿ ಸುರುಟಿಕೊಂಡಿದ್ದು ನೋಡದವರು ಇಲ್ಲ. ಹೋಟೆಲುಗಳಲ್ಲಿ ಇಡ್ಲಿ ತಟ್ಟೆಗೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕೋದನ್ನು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ನಿಷೇಧಿಸಿತಲ್ಲ, ಮನೆಯಲ್ಲಿ ನಾವು ಮಾಡೋದೂ ಅದರ ತಮ್ಮನೇ.

ಬಾಳೆ ಎಲೆ ಹರಿಯುತ್ತೆ ಅಂತ ದೂರು. ಹಸಿ ಎಲೆ ಹರಿಯುತ್ತೆ, ಬಾಡಿಸಿದ್ದು ಹರಿಯಲ್ಲ. ನಡುದಂಟಿನ ಉಬ್ಬನ್ನು ಚಾಕುವಿನಿಂದ ಹೆರೆದು ತೆಗೆಯಿರಿ. ಎಲೆಯನ್ನು ಉರಿಯಿಂದ ಒಂದು ಗೇಣು ಮೇಲೆ ಹಿಡಿದು ಸರಿಸ್ತಾ ಹೋಗಿ. ಮಂಕು ಹಸಿರು ಹೊಳೆಯೋ ಕಡುಹಸಿರಿಗೆ ತಿರುಗುತ್ತೆ, ಅದು ಕಣ್ಣಿಗೇ ಕಾಣುತ್ತೆ, ಅಲ್ಲಿಗೆ ಸಾಕು. ಕಂದು ಬಂದರೆ ಸುಟ್ಟಿತು, ಬಿರಿಯುತ್ತೆ. ಹೊಳಪಿನ ಬದಿಗೆ ಎಣ್ಣೆ ಸವರಿ ಅದರ ಮೇಲೆ ತಟ್ಟಿ, ಎಲೆ ಸಮೇತ ಕಾವಲಿಗೆ ಬೋರಲು ಹಾಕಿ, ಅರ್ಧ ನಿಮಿಷ ಬಿಟ್ಟು ಮೂಲೆ ಹಿಡಿದು ಸಿಪ್ಪೆಯ ಹಾಗೆ ಎಳೆಯಿರಿ. ಒಂದು ಎಲೆ ನಾಲ್ಕೈದು ರೊಟ್ಟಿಗೆ ಬರುತ್ತೆ. ಹೋಟೆಲಿನಿಂದ ಪಾರ್ಸಲ್ ತರೋವಾಗಲೂ ಹೀಗೆ ಬಾಡಿಸಿದ ಎಲೆ ನಾಲ್ಕು ಮಡಿಕೆ ಮಾಡಿ ಚೀಲದಲ್ಲಿ ಇಟ್ಟುಕೊಳ್ಳಬಹುದು. ಸಾರು, ಚಟ್ನಿಗೆ ಟಿಫಿನ್ ಕ್ಯಾರಿಯರೇ ಬೇಕು.

ಒಲೆಬದಿ (ಸೋಮವಾರಪೇಟೆ)
ಇಡ್ಲಿ ಬಟ್ಟೆ ಅಂಟುತ್ತೆ ಅಂತ ಪ್ಲಾಸ್ಟಿಕ್ಕಿಗೆ ಹೋಗಿದ್ದು ಅಲ್ವಾ. ಬಟ್ಟೆ ತೊಳೆಯೋ ಕ್ರಮ ತಪ್ಪಿದರೆ ಮಾತ್ರ ಅಂಟುತ್ತೆ. ಬಿಸಿನೀರಿಗೆ ಹಾಕಿದರೆ ಅಂಟಿದ ಹಿಟ್ಟು ಇನ್ನೂ ಬೆಂದು ಎಳೆಗೆ ಕೂರುತ್ತೆ. ತೆಗೆದ ಕೂಡಲೇ ತಣ್ಣೀರು, ಹತ್ತು ನಿಮಿಷ, ಆಮೇಲೆ ಉಜ್ಜಿ. ಬಳಸುವಾಗ ನೆನೆಸಿ ಹಿಂಡಿ ಹಾಸಬೇಕು.

ಸಿಲ್ವರ್ ಓಕ್ (ಪೊನ್ನಂಪೇಟೆ)
ಮನೆಯದು ಆಯ್ತು. ತೋಟದ ಪ್ಲಾಸ್ಟಿಕ್ ಬಗ್ಗೆ ಯಾರೂ ಉಸಿರೆತ್ತಿಲ್ಲ. ಈಗ ನೆಡೋ ಕಾಲ. ಒಂದು ಸಾವಿರ ಕಾಫಿ ಗಿಡ ನೆಟ್ಟರೆ ಒಂದು ಸಾವಿರ ನರ್ಸರಿ ಕವರು ಆ ಇಳಿಜಾರಿನಲ್ಲೇ ಬೀಳುತ್ತೆ. 9ಕ್ಕೆ 6 ಇಂಚಿನ, 150 ಗೇಜಿನ ತೆಳು ಕವರು. ಮೊದಲ ಜಡಿಮಳೆಗೆ ತೋಡು (ಸಣ್ಣ ಹಳ್ಳ), ಅಲ್ಲಿಂದ ಹೊಳೆ.

ಆಗೋ ತಪ್ಪು ಇದು: ತಾಯಿಬೇರು ತಳದಲ್ಲಿ ಸುರುಳಿ ಸುತ್ತಿರುತ್ತೆ, ಅದನ್ನು ತೆಗೆಯೋಕೆ ಕವರಿನ ತಳದ ಒಂದು ಇಂಚನ್ನು ಬೇರು ಸಮೇತ ಕತ್ತರಿಸ್ತಾರೆ. ಬೇರಿಗೆ ಅದು ಸರಿ, ಸುರುಳಿ ಬಿಟ್ಟರೆ ಗಿಡ ಮುಂದೆ ಏಳಲ್ಲ. ಆದರೆ ಆ ಬಿಲ್ಲೆ ಮಣ್ಣಲ್ಲಿ ಬೆರೆತು ಕಣ್ಣಿಗೆ ಕಾಣಲ್ಲ, ಮೇಲಿನ ಭಾಗ ಮಾತ್ರ ಆರಿಸೋದು. ಹಾಲಿನ ಕವರಿನ ತುದಿಯ ಕಥೆಯೇ ಇಲ್ಲೂ. ಬದಲಿಗೆ ಬ್ಲೇಡನ್ನು ಕವರಿನ ಬಾಯಿಯಿಂದ ಕೆಳಕ್ಕೆ ಎಳೆದು, ತಳದ ಮೇಲೂ ಹಾಯಿಸಿ ಇನ್ನೊಂದು ಬದಿಗೆ ನಿಲ್ಲಿಸಿ. ಕವರು ಒಂದೇ ತುಂಡಾಗಿ ಕೋಟು ಬಿಚ್ಚಿದ ಹಾಗೆ ಬರುತ್ತೆ. ಆಮೇಲೆ ಮಣ್ಣಿನ ಹೆಂಟೆ ಅಂಗೈ ಮೇಲೆ ನಿಲ್ಲಿಸಿ ಸುರುಳಿ ಬೇರನ್ನು ಕತ್ತರಿಯಿಂದ ಕತ್ತರಿಸಿ. ಗಿಡಕ್ಕೆ ಹಿಂದಿನ ದಿನ ನೀರು ಹಾಕಿ ಮಣ್ಣು ಹದವಾಗಿರಬೇಕು. ಒಣಗಿದ್ದರೆ ಹೆಂಟೆ ಒಡೆಯುತ್ತೆ, ತೀರಾ ನೆಂದಿದ್ದರೆ ಕುಸಿಯುತ್ತೆ.

ಕೆಲಸದವರ ಸೊಂಟಕ್ಕೆ ಖಾಲಿ ಗೊಬ್ಬರದ ಚೀಲ ಕಟ್ಟಿಕೊಡಿ. ಬೆಳಿಗ್ಗೆ 300 ಗಿಡ ಕೊಟ್ಟರೆ ಸಂಜೆ 300 ಕವರು ಎಣಿಸಿ ತಗೊಳ್ಳಿ. ಎಣಿಸ್ತಾರೆ ಅಂತ ಗೊತ್ತಾದ ಮೇಲೆ ಒಂದೂ ಬೀಳಲ್ಲ.

ತೋಟದ ದಾರಿ (ಗೋಣಿಕೊಪ್ಪ)
ಬಿಚ್ಚಿ ಕತ್ತರಿಸೋಕೆ ಗಿಡಕ್ಕೆ ಹೆಚ್ಚು ಹೊತ್ತು ಹಿಡಿಯುತ್ತೆ ಅಣ್ಣ. ಆಳು ಸಿಗೋದೇ ಕಷ್ಟ ಇರೋ ಕಾಲದಲ್ಲಿ?

ಸಿಲ್ವರ್ ಓಕ್ (ಪೊನ್ನಂಪೇಟೆ)
ಮೊದಲ ಅರ್ಧ ದಿನ ಹಿಡಿಯುತ್ತೆ, ಕೈ ಪಳಗಿದ ಮೇಲೆ ಅಷ್ಟಿಲ್ಲ. ಅದೂ ಬೇಡ ಅಂದರೆ ರೂಟ್ ಟ್ರೇನರ್ ಕಪ್, ಅಂದರೆ ಸಸಿ ಬೆಳೆಸೋ ಲೋಟ. ಅದೂ ಪ್ಲಾಸ್ಟಿಕ್, ಆದರೆ ಗಟ್ಟಿ, ತೊಳೆದು ಹಲವು ವರ್ಷ ಬಳಸಬಹುದು. ಒಳಗಿನ ಉದ್ದುದ್ದ ಏಣು ಬೇರನ್ನು ಸುತ್ತೋಕೆ ಬಿಡಲ್ಲ, ನೇರ ಕೆಳಗಿಳಿಸುತ್ತೆ. ತೊಂದರೆ ಏನಂದ್ರೆ ಮಣ್ಣು ಕಡಿಮೆ ಹಿಡಿಯುತ್ತೆ, ಬೇಸಿಗೆಯಲ್ಲಿ ನೀರು ತಪ್ಪಿದರೆ ಗಿಡ ಬೇಗ ಬಾಡುತ್ತೆ.

ಔಷಧಿ ಡಬ್ಬಿಗಳ ಬಗ್ಗೆಯೂ ಒಂದು ಮಾತು. ಖಾಲಿಯಾದ ಕೂಡಲೇ ಕಾಲು ಭಾಗ ನೀರು ಹಾಕಿ ಕುಲುಕಿ ಸ್ಪ್ರೇ ಟ್ಯಾಂಕಿಗೇ ಸುರಿಯಿರಿ, ಹೀಗೆ ಮೂರು ಸಲ. ಆಮೇಲೆ ತಳಕ್ಕೆ ಮೊಳೆ ಹೊಡೆದು ತೂತು ಮಾಡಿ. ತೂತು ಮಾಡದಿದ್ದರೆ ಯಾರಾದರೂ ನೀರಿಗೋ ಸೀಮೆಎಣ್ಣೆಗೋ ಇಟ್ಟುಕೊಳ್ತಾರೆ.

ಪಾಲಿಬೆಟ್ಟ ರಸ್ತೆ
ಮದುವೆ ಮಂಟಪದಲ್ಲಿ ಕಾಲು ಲೀಟರಿನ ನೀರಿನ ಬಾಟಲಿ ರಾಶಿ ನೋಡಿದರೆ ಹೊಟ್ಟೆ ಉರಿಯುತ್ತೆ. ಅರ್ಧ ಕುಡಿದು ಬಿಟ್ಟಿರ್ತಾರೆ. 800 ಜನಕ್ಕೆ ಬಾಟಲಿ ಇಲ್ಲದೆ ನೀರು ಕೊಡೋಕೆ ಆಗುತ್ತಾ?

ಗುಜರಿ ಲೆಕ್ಕ (ವಿರಾಜಪೇಟೆ)
ಆಗುತ್ತೆ. ಒಬ್ಬರಿಗೆ ಅರ್ಧ ಲೀಟರ್ ಅಂದರೆ 400 ಲೀಟರ್, 20 ಲೀಟರಿನ 20 ಕ್ಯಾನ್. ಕೈಗೆ 25 ಇರಲಿ. ಸ್ಟೀಲ್ ಲೋಟ 500 ಬಾಡಿಗೆಗೆ, ತೊಳೆದು ತಿರುಗಿಸೋದಾದರೆ ಅಷ್ಟು ಸಾಕು. ಕೆಡೋದು ಎರಡು ಕಡೆ. ಒಂದು, ನೀರಿನ ಮೇಜು ಒಂದೇ ಇಟ್ಟರೆ ನೂಕುನುಗ್ಗಲು, ಅಲ್ಲಿಂದಲೇ "ಬಾಟಲಿ ತರಿಸಿ" ಅಂತ ಕೂಗು ಏಳೋದು. 200 ಜನಕ್ಕೊಂದರಂತೆ ನಾಲ್ಕು ಕಡೆ ಇಡಿ. ಎರಡು, ಬಳಸಿದ ಲೋಟ ಹಾಕೋ ಬುಟ್ಟಿ ಅದೇ ಮೇಜಿನ ಕಾಲ ಬಳಿ ಇರಬೇಕು. ದೂರ ಇದ್ದರೆ ಲೋಟ ಕಿಟಕಿ, ಕುರ್ಚಿ ಕೆಳಗೆ ಸೇರಿ ಮಧ್ಯಾಹ್ನ ಒಂದಕ್ಕೆ ಮುಗಿದುಹೋಗುತ್ತೆ. ತೊಳೆಯೋಕೆ ಮೂರು ತೊಟ್ಟಿ: ಸಾಬೂನು, ತಣ್ಣೀರು, ಕೊನೆಗೆ ಕೈ ತಡೆಯದಷ್ಟು ಬಿಸಿ. ನಾಲ್ಕು ಜನ ಬೇಕು. ಅವರ ಸಂಬಳವನ್ನು ಮೊದಲೇ ಊಟದ ಲೆಕ್ಕದಲ್ಲಿ ಸೇರಿಸಿ, ಅದನ್ನು ಮರೆತರೆ ಕೊನೇ ಗಳಿಗೆಗೆ ಪೇಪರ್ ಕಪ್ ಬರುತ್ತೆ. ಪೇಪರ್ ಕಪ್ಪಿನ ಒಳಮೈಗೂ ಪಾಲಿಥೀನ್ ಲೇಪ ಇದೆ. ಇಲ್ಲದಿದ್ದರೆ ಕಾಫಿ ಸೋರುತ್ತಿತ್ತು.

ಕಣಿಲೆ (ನಾಪೋಕ್ಲು)
ಹೋಂಸ್ಟೇ ನಡೆಸೋರಿಗೂ ಇದೇ ಅನ್ವಯ. ಕೋಣೆಗೆ ಎರಡು ಬಾಟಲಿ ಇಡೋ ಬದಲು ಕುದಿಸಿ ಆರಿಸಿದ ನೀರು ಗಾಜಿನ ಬಾಟಲಿಯಲ್ಲಿ. ಬಾಯಿ ಅಗಲ ಇರೋದು ಕೊಳ್ಳಿ, ಕೈಯೋ ಬ್ರಷ್ಷೋ ಹೋಗದ ಬಾಟಲಿಯ ತಳದಲ್ಲಿ ಹದಿನೈದು ದಿನಕ್ಕೆ ಪಾಚಿ. ಕೊತಕೊತ ಒಂದು ನಿಮಿಷ ಕುದಿದರೆ ಸಾಕು.

ಏಲಕ್ಕಿ
ಹೆಂಗಸರ ವಿಷಯವನ್ನೂ ಹೇಳಲೇಬೇಕು, ಯಾರೂ ಹೇಳಲ್ಲ. ಪ್ಯಾಡ್‌ನಲ್ಲಿ ಪ್ಲಾಸ್ಟಿಕ್ ಪದರ ಇದೆ, ಬಚ್ಚಲು ಒಲೆಗೆ ಹಾಕೋದೂ ನಡೆದಿದೆ. ಬಟ್ಟೆ ಪ್ಯಾಡ್ ಒಳ್ಳೇದು, ಆದರೆ ನಮ್ಮ ಮಳೆಯಲ್ಲಿ ಪೂರ್ತಿ ಒಣಗದ ಬಟ್ಟೆ ಬಳಸಿದರೆ ತುರಿಕೆ, ಸೋಂಕು. ಹಾಗಾಗಿ ಇಲ್ಲಿಗೆ ಸರಿಹೊಂದೋದು ಸಿಲಿಕೋನ್ ಮುಟ್ಟಿನ ಕಪ್. ಒಣಗಿಸೋ ಗೋಜೇ ಇಲ್ಲ. 12 ಗಂಟೆಯೊಳಗೆ ತೆಗೆದು ತೊಳೆದು ಮತ್ತೆ ಹಾಕೋದು, ಮುಟ್ಟು ಮುಗಿದ ಮೇಲೆ ಐದು ನಿಮಿಷ ನೀರಲ್ಲಿ ಮುಳುಗಿಸಿ ಕುದಿಸಿ ಹತ್ತಿ ಚೀಲದಲ್ಲಿ ಇಡೋದು. ಕುದಿಸುವಾಗ ಪಾತ್ರೆಯ ತಳಕ್ಕೆ ತಾಗಿದರೆ ಕರಕಲಾಗುತ್ತೆ, ಒಂದು ಸ್ಟೀಲ್ ಜರಡಿಯೊಳಗೆ ಇಟ್ಟು ಕುದಿಸಿ. ಮೊದಲ ಎರಡು ತಿಂಗಳು ಸೋರಬಹುದು, ಸಾಮಾನ್ಯವಾಗಿ ಒಳಗೆ ಪೂರ್ತಿ ಬಿಚ್ಚಿಕೊಳ್ಳದೆ ಇರೋದೇ ಕಾರಣ. ತಳ ಹಿಡಿದು ಸ್ವಲ್ಪ ತಿರುಗಿಸಿದರೆ ಬಿಚ್ಚಿಕೊಳ್ಳುತ್ತೆ. ಮಳೆಗಾಲ ಮುಗಿದ ಮೇಲೆ ಬಟ್ಟೆಗೆ ಹೋಗೋರು ಹೋಗಬಹುದು.

ಮಳೆಮನೆ (ಮಡಿಕೇರಿ)
ಏಲಕ್ಕಿ, ಇದನ್ನು ಬರೆದದ್ದಕ್ಕೆ ವಿಶೇಷ ಧನ್ಯವಾದ. ಹಾಗಾದರೆ ನಮ್ಮ ಪಟ್ಟಿಯಲ್ಲಿ ಉಳಿದದ್ದು ಶಾಂಪೂ ಸ್ಯಾಶೆ. ಪಟ್ಟಿಯಲ್ಲಿ ಬಿಟ್ಟುಹೋದ ಪಾತ್ರೆ ತಿಕ್ಕೋ ಪ್ಲಾಸ್ಟಿಕ್ ನಾರನ್ನೂ ಸೇರಿಸಿ.

ಒಲೆಬದಿ (ಸೋಮವಾರಪೇಟೆ)
ಸ್ಯಾಶೆ ಪದರ ಪದರ ಅಂಟಿಸಿದ್ದು, ಗುಜರಿಯಲ್ಲಿ ಯಾರೂ ತಗೊಳ್ಳಲ್ಲ, ಬಿಡೋದೊಂದೇ ದಾರಿ. ಸೀಗೆಪುಡಿ ಎರಡು ಚಮಚ ರಾತ್ರಿ ನೆನೆಸಿ. ಉರಿ ಬರುತ್ತೆ ಅನ್ನೋರು ಬಟ್ಟೆಯಲ್ಲಿ ಸೋಸಿ ತಿಳಿ ಮಾತ್ರ ಬಳಸಿ, ಗಷ್ಟು ಕಣ್ಣಿಗೆ ಬೀಳಲ್ಲ.

ನಾರಿಗೆ ತುಪ್ಪದ ಹೀರೆ. ಬಳ್ಳಿಯಲ್ಲೇ ಬಲಿತು ಕಂದಾಗಿ, ಅಲುಗಾಡಿಸಿದರೆ ಬೀಜ ಗಲಗಲ ಅನ್ನಬೇಕು. ಒಂದು ರಾತ್ರಿ ನೀರಲ್ಲಿ ನೆನೆಸಿದರೆ ಸಿಪ್ಪೆ ತಾನಾಗೇ ಬಿಡುತ್ತೆ. ಬೀಜ ಕೊಡವಿ, ನಾಲ್ಕು ಬೆರಳು ಅಗಲಕ್ಕೆ ಕತ್ತರಿಸಿ. ಸಿಂಕಿನ ಪಕ್ಕ ಒದ್ದೆಯಲ್ಲಿ ಬಿಟ್ಟರೆ ವಾರಕ್ಕೆ ಕಪ್ಪು. ಎರಡು ತುಂಡು ಇಟ್ಟುಕೊಂಡು ಒಂದು ದಿನ ಒಂದು, ಇನ್ನೊಂದು ಒಲೆ ಮೇಲೆ ತಂತಿಗೆ.

ಕಾಳುಮೆಣಸು (ಸಿದ್ದಾಪುರ)
ತುಪ್ಪದ ಹೀರೆ ಬೀಜ ಈಗ ಹಾಕಬಹುದಾ?

ಒಲೆಬದಿ (ಸೋಮವಾರಪೇಟೆ)
ಈ ಜಡಿಗೆ ಬೀಜ ಕೊಳೆಯುತ್ತೆ. ಆಗಸ್ಟ್ ಕೊನೆಗೆ ಮಳೆ ಬಿಡುವು ಕೊಟ್ಟಾಗ ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ಜಗಲಿಯಲ್ಲಿ ಮೊಳಕೆ ಬರಿಸಿ. ಚಿಪ್ಪಿನ ಕಣ್ಣು ತೂತು ಮಾಡಿ, ನೀರು ನಿಲ್ಲಬಾರದು. ನಾಲ್ಕು ಎಲೆ ಬಂದ ಮೇಲೆ ನೆಲಕ್ಕೆ.

ಕಾಳುಮೆಣಸು (ಸಿದ್ದಾಪುರ)
ಬೀಜ ಇದ್ದರೆ ಒಂದು ಹತ್ತು ಎತ್ತಿಡಿ ಅಕ್ಕ.

ಒಲೆಬದಿ (ಸೋಮವಾರಪೇಟೆ)
ಇದೆ. ಕಾಗದದ ಪೊಟ್ಟಣದಲ್ಲಿ ಕಳಿಸಲ್ಲ, ಬೂದಿ ಹಾಕಿದ ಬೆಂಕಿಪೊಟ್ಟಣದಲ್ಲಿ ಕಳಿಸ್ತೀನಿ. ಒಣಗಿ ಇರುತ್ತೆ.